ಕೆರೆ ಏರಿಯ ಮೇಲೊಂದು ಪಾಠಶಾಲೆ

ಹತ್ತು ಭಾನುವಾರ, ಒಂದು ನೋಟ್‌ಬುಕ್, ಒಂದು ಮರ. ಪ್ರಕೃತಿಯನ್ನು ನೋಡಲು ಕಲಿತು, ಕಲಿತದ್ದನ್ನು ಇನ್ನೊಬ್ಬರಿಗೆ ತೋರಿಸಬಲ್ಲ ಸ್ವಯಂಸೇವಕರನ್ನು ತಯಾರು ಮಾಡುವ ಬಯಲು ತರಗತಿಯಲ್ಲಿ ಮಗಳ ಪಕ್ಕ ಕುಳಿತ ಅಪ್ಪನೊಬ್ಬನ ಅನುಭವ.

ಬೆಳಿಗ್ಗೆ ಆರೂವರೆ. ಧನುರ್ಮಾಸದ ಚಳಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಫ್ಲರ್ ಸುತ್ತಿಕೊಂಡ ವಾಯುವಿಹಾರಿಗಳು ಕೈಬೀಸಿ ನಡೆಯುತ್ತಿದ್ದಾರೆ. ಅವರ ನಡುವೆ ಹದಿನಾರು ಜನ ಮಾತ್ರ ನಡೆಯುತ್ತಿಲ್ಲ. ಹೊಂಗೆ ಮರದ ಕೆಳಗೆ ಕಣ್ಣು ಮುಚ್ಚಿ ಸುಮ್ಮನೆ ಕುಳಿತಿದ್ದಾರೆ. ಹೈಸ್ಕೂಲು ಮಕ್ಕಳು ಒಂಬತ್ತು, ಕಾಲೇಜಿನವರು ನಾಲ್ಕು, ಉಳಿದ ಮೂವರು ನನ್ನಂಥ ಅರ್ಧ ತಲೆ ನರೆತವರು. ದಾರಿಹೋಕರೊಬ್ಬರು ನಿಂತು ಕೇಳಿಯೇ ಬಿಟ್ಟರು: ‘ಏನು, ಧ್ಯಾನದ ಶಿಬಿರವೇ?’

ಧ್ಯಾನವಲ್ಲ, ಅದು ನಮ್ಮ ಮೊದಲ ಪಾಠ. ಹತ್ತು ನಿಮಿಷ ಕಣ್ಣು ಮುಚ್ಚಿ, ಕಿವಿಗೆ ಬಿದ್ದ ದನಿಗಳನ್ನೆಲ್ಲ ಬೆರಳು ಮಡಿಸಿ ಎಣಿಸಬೇಕು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನನ್ನ ಲೆಕ್ಕ ಐದಕ್ಕೆ ನಿಂತಿತ್ತು. ಪಕ್ಕದಲ್ಲಿದ್ದ ಒಂಬತ್ತನೇ ತರಗತಿಯ ನನ್ನ ಮಗಳು ಹದಿನಾಲ್ಕು ಬರೆದಿದ್ದಳು. ಹುಡುಗನೊಬ್ಬ ‘ಬಸ್ಸಿನ ಹಾರ್ನ್ ಬರೆಯಬಹುದಾ ಸಾರ್?’ ಎಂದು ಕೇಳಿದ. ಎಲ್ಲರೂ ನಕ್ಕರು. ಪಾಠ ಹೇಳುತ್ತಿದ್ದವರು ನಗಲಿಲ್ಲ. ‘ಬರೀಪ್ಪ. ನಿನಗೆ ಕೇಳಿಸಿದ್ದು ಹಕ್ಕಿಗೂ ಕೇಳಿಸಿರುತ್ತೆ’ ಎಂದರು.

ಅವರು ನಿವೃತ್ತ ಬ್ಯಾಂಕ್ ನೌಕರರು. ಯಾವ ಶಾಲೆಯಲ್ಲೂ ಕೆಲಸ ಮಾಡಿದವರಲ್ಲ. ಆದರೂ ಎಲ್ಲರ ಬಾಯಲ್ಲಿ ಅವರು ‘ಮೇಷ್ಟ್ರು’. ಊರಿನ ಕೆಲವು ಹವ್ಯಾಸಿಗಳು ಸೇರಿ ನಡೆಸುವ ಈ ತರಗತಿಗೆ ಕಟ್ಟಡವಿಲ್ಲ, ಬೋರ್ಡು ಇಲ್ಲ, ಅಂಕಪಟ್ಟಿಯೂ ಇಲ್ಲ. ಹತ್ತು ಭಾನುವಾರ ಬೆಳಿಗ್ಗೆ ಎರಡೂವರೆ ಗಂಟೆ ಬಂದವರು ಕೊನೆಯ ಭಾನುವಾರ ಒಂದು ಗುಂಪು ಶಾಲಾ ಮಕ್ಕಳನ್ನು ಕೆರೆಯ ದಡದಲ್ಲಿ ತಾವೇ ಸುತ್ತಾಡಿಸಬೇಕು. ಅದೇ ಪರೀಕ್ಷೆ.

ಹೆಸರಿಗೆ ಮೊದಲು ನೋಟ

ಕುಕ್ಕರಹಳ್ಳಿ ಕೆರೆಯನ್ನು ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1864ರಲ್ಲಿ. ಕುವೆಂಪು ಅವರ ನಡಿಗೆಯ ಕೆರೆ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಾನೂ ಇಪ್ಪತ್ತು ವರ್ಷದಿಂದ ಅದರ ಸುತ್ತ ನಡೆದವನೇ. ಆದರೆ ‘ನೀರಿನಲ್ಲಿರುವ ಕಪ್ಪು ಹಕ್ಕಿ ಯಾವುದು?’ ಎಂದು ಮೇಷ್ಟ್ರು ಕೇಳಿದಾಗ ‘ಬಾತುಕೋಳಿ’ ಎಂದುಬಿಟ್ಟೆ.

‘ಹೆಸರು ಆಮೇಲೆ. ಮೊದಲು ಏನು ಮಾಡ್ತಿದೆ ನೋಡಿ ಹೇಳಿ’ ಎಂದರು.

ನೋಡಿದೆವು. ಒಂದು ಹಕ್ಕಿ ಪುಟ್ಟದು, ದುಂಡಗೆ. ಗುಳುಕ್ಕನೆ ಮುಳುಗಿ ಇನ್ನೆಲ್ಲೋ ಏಳುತ್ತಿತ್ತು. ಇನ್ನೊಂದು ಕಾಗೆ ಬಣ್ಣದ್ದು. ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ. ಸ್ವಲ್ಪ ಹೊತ್ತಿನ ಮೇಲೆ ಬಂಡೆಯನ್ನೇರಿ ರೆಕ್ಕೆ ಹರಡಿ ನಿಂತಿತು. ಮೂರನೆಯದು ಕಪ್ಪು ಮೈಯದು, ಹಣೆಯ ಮೇಲೆ ಬಿಳಿಯ ನಾಮ. ‘ಈಗ ನೀವೇ ಹೆಸರಿಡಿ’ ಎಂದರು ಮೇಷ್ಟ್ರು. ಮಕ್ಕಳು ಇಟ್ಟ ಹೆಸರುಗಳು ಹಿರಿಯರು ಎಂದೋ ಇಟ್ಟ ಹೆಸರುಗಳಿಗೆ ಬಲು ಹತ್ತಿರ ಬಂದವು. ಮೊದಲನೆಯದು ಗುಳುಮುಳುಕ, ಎರಡನೆಯದು ನೀರುಕಾಗೆ, ಮೂರನೆಯದು ನಾಮದ ಕೋಳಿ. ಮಿಂಚಿನಂತೆ ನೀರಿಗೆರಗುವುದು ಮಿಂಚುಳ್ಳಿ. ನಮ್ಮ ಹಕ್ಕಿಗಳ ಕನ್ನಡ ಹೆಸರುಗಳಲ್ಲಿ ಎಷ್ಟೋ ತಲೆಮಾರುಗಳ ನೋಟ ಅಡಗಿದೆ ಎಂಬುದು ನನಗೆ ಅಂದು ಹೊಳೆಯಿತು.

ನೀರುಕಾಗೆ ರೆಕ್ಕೆ ಹರಡುವುದೇಕೆ? ಅದರ ರೆಕ್ಕೆಯ ಗರಿಗಳು ಬಾತಿನ ಗರಿಗಳಂತಲ್ಲ, ನೀರು ಹೀರುತ್ತವೆ. ಮೈ ಭಾರವಾದಷ್ಟೂ ಮುಳುಗಿ ಮೀನು ಹಿಡಿಯುವುದು ಸುಲಭ. ಆದರೆ ಆಮೇಲೆ ಒದ್ದೆ ಬಟ್ಟೆಯಂತೆ ರೆಕ್ಕೆಯನ್ನು ಒಣಹಾಕಲೇಬೇಕು. ‘ಒಂದು ಅನುಕೂಲಕ್ಕೆ ಒಂದು ಬೆಲೆ’ ಎಂದು ಮೇಷ್ಟ್ರು ಒಂದೇ ಮಾತಿನಲ್ಲಿ ಮುಗಿಸಿದರು. ವಿಕಾಸವಾದದ ಅಧ್ಯಾಯವನ್ನು ಮಗಳು ಪುಸ್ತಕದಲ್ಲಿ ಓದಿದ್ದಳು. ಬಂಡೆಯ ಮೇಲೆ ನಿಂತದ್ದನ್ನು ಕಂಡದ್ದು ಅಂದೇ.

ಹಕ್ಕಿ ಗುರುತಿಸಲು ನಮಗೆ ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಮೊದಲು ಗಾತ್ರ: ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ, ಹದ್ದಿನಷ್ಟೋ? ಆಮೇಲೆ ಕೊಕ್ಕು ಮತ್ತು ಕಾಲು: ಊಟ ಯಾವುದೆಂದು ಅವೇ ಹೇಳುತ್ತವೆ. ಆಮೇಲೆ ಬಾಲ, ನಡಿಗೆ, ಕುಳಿತ ಜಾಗ. ಬಣ್ಣ ಕೊನೆಗೆ, ಏಕೆಂದರೆ ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಇಷ್ಟನ್ನೂ ಬರೆದುಕೊಂಡ ಮೇಲೆಯೇ ಪುಸ್ತಕ ತೆರೆಯಬೇಕು. ದನಿ ಕೇಳಿಸಿಕೊಂಡು ಹಕ್ಕಿಯ ಹೆಸರು ಹೇಳುವ ಆ್ಯಪ್‌ಗಳು ಈಗ ಮೊಬೈಲಿನಲ್ಲಿವೆ. ಮೇಷ್ಟ್ರು ಅವಕ್ಕೆ ವಿರೋಧಿಯಲ್ಲ. ನಾಲ್ಕನೇ ಭಾನುವಾರದವರೆಗೆ ಮಾತ್ರ ಮೊಬೈಲು ಚೀಲದಲ್ಲೇ ಇರಬೇಕು ಎಂದರು. ‘ಕ್ಯಾಲ್ಕುಲೇಟರ್ ಕೊಡೋದು ಮಗ್ಗಿ ಬಂದ ಮೇಲೆ’ ಎಂಬುದು ಅವರ ವಾದ.

ಅವರು ಮೆಚ್ಚುವ ಇನ್ನೊಂದು ಉತ್ತರವಿತ್ತು: ‘ಗೊತ್ತಿಲ್ಲ’. ಶಾಲೆಯಲ್ಲಿ ಹೇಳಲು ಮಕ್ಕಳು ಹೆದರುವ ಮಾತು ಅದು. ಇಲ್ಲಿ ‘ಗೊತ್ತಿಲ್ಲ, ಮೈನಾಗಿಂತ ಚಿಕ್ಕದು, ಬಾಲ ಕುಣಿಸುತ್ತಿತ್ತು, ಕೆಸರಿನ ಮೇಲೆ ಓಡುತ್ತಿತ್ತು’ ಎಂದು ಬರೆದವರಿಗೆ ಶಹಬ್ಬಾಸ್‌ಗಿರಿ ಸಿಗುತ್ತಿತ್ತು. ಊಹಿಸಿ ಹೆಸರು ಬರೆದವರಿಗೆ ಮರುಪ್ರಶ್ನೆ ಕಾದಿರುತ್ತಿತ್ತು.

ನಿನ್ನ ಮರ ಯಾವುದು?

ಎರಡನೇ ವಾರ ಪ್ರತಿಯೊಬ್ಬರೂ ಒಂದೊಂದು ಮರವನ್ನು ಆರಿಸಿಕೊಳ್ಳಬೇಕಿತ್ತು. ಕಾಡಿನ ಮರವಲ್ಲ, ಮನೆಯ ಮುಂದಿನದೋ, ಶಾಲೆಯ ಅಂಗಳದ್ದೋ, ಬಸ್ ಸ್ಟಾಪಿನದೋ ಆಗಬೇಕು. ವಾರಕ್ಕೊಮ್ಮೆ ಐದು ನಿಮಿಷ ಅದರ ಕೆಳಗೆ ನಿಂತು ಚಿಗುರು, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಎಷ್ಟಿವೆ ಎಂದು ದಾಖಲಿಸಬೇಕು. ಇಂಥದೇ ದಾಖಲೆಗಳನ್ನು ದೇಶದುದ್ದಕ್ಕೂ ಶಾಲಾ ಮಕ್ಕಳಿಂದ ಸಂಗ್ರಹಿಸುವ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ನಮ್ಮ ಅಜ್ಜಂದಿರು ರೋಹಿಣಿ ಮಳೆ, ಮೃಗಶಿರಾ ಮಳೆ ಎಂದು ಲೆಕ್ಕ ಹಾಕುತ್ತಿದ್ದರು. ಹೊಂಗೆ ಚಿಗುರಿದರೆ ಯುಗಾದಿ ಹತ್ತಿರ ಬಂತು ಎನ್ನುತ್ತಿದ್ದರು. ಈಗ ಮಳೆಯೂ ಬಿಸಿಲೂ ಹದ ತಪ್ಪುತ್ತಿರುವಾಗ ಮರಗಳು ತಮ್ಮ ಪಂಚಾಂಗವನ್ನು ಬದಲಿಸುತ್ತಿವೆಯೇ? ಒಬ್ಬ ವಿಜ್ಞಾನಿ ಒಂದೂರಿನಲ್ಲಿ ಕುಳಿತು ಇದಕ್ಕೆ ಉತ್ತರ ಹೇಳಲಾರ. ಸಾವಿರಾರು ಮಕ್ಕಳು ತಮ್ಮ ತಮ್ಮ ಮರವನ್ನು ವರ್ಷಗಟ್ಟಲೆ ನೋಡಿದರೆ ಹೇಳಬಹುದು.

ಮಗಳು ಮನೆಯೆದುರಿನ ಹೊಂಗೆಯನ್ನು ಆರಿಸಿದಳು. ಕಾಲೇಜು ಹುಡುಗಿಯೊಬ್ಬಳ ಪಾಲಿಗೆ ಅತ್ತಿ ಮರ ಬಂತು. ‘ಇದರಲ್ಲಿ ಹೂವೇ ಇಲ್ಲ ಸಾರ್, ಹೂವಿನ ಕಾಲಂನಲ್ಲಿ ಏನು ಬರೀಲಿ?’ ಎಂದಳು. ಮೇಷ್ಟ್ರು ಒಂದು ಅತ್ತಿಕಾಯನ್ನು ಎರಡಾಗಿ ಸೀಳಿ ಅಂಗೈಯಲ್ಲಿಟ್ಟರು. ಹಣ್ಣೆಂದು ನಾವು ಕರೆಯುವುದು ನಿಜಕ್ಕೂ ಒಂದು ಮುಚ್ಚಿದ ಚೀಲ; ನೂರಾರು ಪುಟಾಣಿ ಹೂಗಳು ಅದರ ಒಳಗೋಡೆಗೆ ಅಂಟಿಕೊಂಡಿವೆ. ಸಾಸಿವೆಗಿಂತ ಚಿಕ್ಕದಾದ ಹೆಣ್ಣು ಕಣಜವೊಂದು ತುದಿಯ ಕಿರಿದಾದ ಕಿಂಡಿಯಲ್ಲಿ ನುಸುಳಿ ಒಳಗೆ ಹೋಗುತ್ತದೆ. ನುಸುಳುವಾಗ ಸಾಮಾನ್ಯವಾಗಿ ರೆಕ್ಕೆ ಕಳಚಿ ಹೋಗುತ್ತದೆ. ಅದು ಮತ್ತೆ ಹೊರಬರುವುದಿಲ್ಲ. ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡುಗಳು ಹೊರದಾರಿ ಕೊರೆದು ತಾವು ಸಾಯುತ್ತವೆ. ಹೆಣ್ಣುಗಳು ಆ ದಾರಿಯಲ್ಲಿ ಪರಾಗ ಹೊತ್ತು ಇನ್ನೊಂದು ಅತ್ತಿ ಮರ ಹುಡುಕಿಕೊಂಡು ಹಾರುತ್ತವೆ.

‘ಅತ್ತಿಹಣ್ಣು ಬಿಚ್ಚಿ ನೋಡಿದರೆ ಹುಳ’ ಎಂಬ ಗಾದೆಯನ್ನು ನಾವು ಮನುಷ್ಯರ ಹುಳುಕು ತೋರಿಸಲು ಬಳಸುತ್ತೇವೆ. ಆ ಹುಳ ಇಲ್ಲದಿದ್ದರೆ ಅತ್ತಿಯ ಬೀಜವೇ ಇಲ್ಲ! ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಪುಸ್ತಕದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರ ಇಷ್ಟು ರುಚಿಯಾಗಿರಬಹುದೇ ಎಂದು ಅದನ್ನು ಓದಿದವರು ಬೆರಗಾಗುತ್ತಾರೆ. ರುಚಿಯ ಗುಟ್ಟು ಇಷ್ಟೇ: ಪಾಠ ನಡೆದದ್ದು ಮರದ ಬುಡದಲ್ಲಿ.

ಹಾವು, ಹೆಜ್ಜೇನು ಮತ್ತು ಅಮ್ಮಂದಿರು

ತರಗತಿಗೆ ಸೇರಿಸುವ ದಿನ ನನ್ನ ಹೆಂಡತಿ ಕೇಳಿದ್ದು ಎರಡೇ ಪ್ರಶ್ನೆ. ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇದೆಲ್ಲ ಬೇಕಾ?’ ಮತ್ತು ‘ಹಾವು ಗೀವು ಇದ್ದರೆ?’ ಮೊದಲನೆಯದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದಕ್ಕೆ ಮೂರನೇ ಭಾನುವಾರವನ್ನೇ ಮೀಸಲಿಟ್ಟಿದ್ದರು.

ಅಂದು ಹಾವು ಹಿಡಿದು ತೋರಿಸುತ್ತಾರೆ ಎಂದು ಹುಡುಗರು ಕಾದಿದ್ದರು. ಮೇಷ್ಟ್ರು ತಂದದ್ದು ಚಿತ್ರಗಳನ್ನು ಮಾತ್ರ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ: ನಮ್ಮ ದೇಶದಲ್ಲಿ ಹಾವು ಕಡಿತದಿಂದಾಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಈ ನಾಲ್ಕು ಕಾರಣ. ಕೇರೆಹಾವು ಇಲಿ ತಿಂದು ರೈತನಿಗೆ ಉಪಕಾರ ಮಾಡುವ ವಿಷವಿಲ್ಲದ ಹಾವು. ಆದರೆ ಸ್ವಯಂಸೇವಕನಿಗೆ ಇರುವ ನಿಯಮ ಒಂದೇ. ಯಾವ ಹಾವನ್ನೂ ಮುಟ್ಟಬಾರದು, ಅಟ್ಟಿಸಬಾರದು. ನಿಂತು, ಹಿಂದೆ ಸರಿದು, ದಾರಿ ಬಿಡಬೇಕು. ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಉಂಗುರ, ಬಳೆ, ಗಡಿಯಾರ ತೆಗೆದು, ಕಡಿದ ಕೈಕಾಲನ್ನು ಅಲುಗಾಡದಂತೆ ಇಟ್ಟು, ವಿಷಪ್ರತಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು. ಅಂತಹ ಆಸ್ಪತ್ರೆ ಎಲ್ಲಿದೆ ಎಂಬುದು ಹೊರಡುವ ಮೊದಲೇ ಗುಂಪಿನ ಮುಂದಾಳಿಗೆ ಗೊತ್ತಿರಬೇಕು.

ಅದಕ್ಕಿಂತ ಹೆಚ್ಚು ಹೊತ್ತು ಹೇಳಿದ್ದು ಹೆಜ್ಜೇನಿನ ಬಗ್ಗೆ. ಎತ್ತರದ ಕೊಂಬೆಗಳಲ್ಲಿ ತೂಗುವ ಹೆಜ್ಜೇನು ಗೂಡಿನ ಕೆಳಗೆ ಗದ್ದಲ, ಹೊಗೆ, ಕಲ್ಲೆಸೆತ ಎಂದರೆ ಅಪಾಯವನ್ನು ಕೈಬೀಸಿ ಕರೆದಂತೆ. ನೀರಿನ ಅಂಚಿಗೆ ಯಾರೂ ಇಳಿಯಬಾರದು. ಹತ್ತು ಮಕ್ಕಳಿಗೆ ಮುಂದೊಬ್ಬರು ಹಿಂದೊಬ್ಬರು ದೊಡ್ಡವರು ಇರಬೇಕು. ತಂದೆ ತಾಯಿಯ ಒಪ್ಪಿಗೆ ಪತ್ರ, ಮಗುವಿಗೆ ಅಲರ್ಜಿ ಇದ್ದರೆ ಅದರ ವಿವರ ಮೊದಲೇ ಕೈಸೇರಬೇಕು. ಇಂತಹ ಶಿಬಿರಕ್ಕೆ ಮಕ್ಕಳನ್ನು ಕಳಿಸುವ ಪೋಷಕರು ‘ಏನೇನು ತೋರಿಸುತ್ತೀರಿ?’ ಎಂದು ಕೇಳುವುದಕ್ಕೆ ಮೊದಲು ಈ ಪ್ರಶ್ನೆಗಳನ್ನು ಕೇಳಬೇಕು. ಹಾವನ್ನು ಕೊರಳಿಗೆ ಸುತ್ತಿಕೊಂಡು ಫೋಟೋ ತೆಗೆಸಿಕೊಳ್ಳುವವರ ಬಳಿ ಮಕ್ಕಳನ್ನು ಕಳಿಸಲೇಬಾರದು.

ನಾನು ಮಾಡಿದ ತಪ್ಪು

ಈಗ ಹೇಳಲೇಬೇಕಾದ, ಹೇಳಲು ಮನಸ್ಸಿಲ್ಲದ ಸಂಗತಿ.

ಆರನೇ ಭಾನುವಾರ. ಏರಿಯ ಪಕ್ಕದ ಲಂಟಾನ ಪೊದೆಯಲ್ಲಿ ಕೆಮ್ಮೀಸೆ ಪಿಕಳಾರದ ಗೂಡು ಮೊದಲು ಕಣ್ಣಿಗೆ ಬಿದ್ದದ್ದು ನನಗೆ. ಎದೆಯೆತ್ತರದಲ್ಲಿ, ಬಟ್ಟಲಿನಂತಹ ಗೂಡು. ಅಷ್ಟು ದಿನ ಮಕ್ಕಳೆದುರು ದಡ್ಡನಾಗಿದ್ದ ನನಗೆ ಒಮ್ಮೆಲೇ ದೊಡ್ಡಸ್ತಿಕೆ ಬಂದುಬಿಟ್ಟಿತು. ಮೇಷ್ಟ್ರು ಮುಂದಿನ ತಿರುವಿನಲ್ಲಿದ್ದರು. ನಾನು ಮೂರು ನಾಲ್ಕು ಮಕ್ಕಳನ್ನು ಕರೆದು, ಅಡ್ಡವಿದ್ದ ಕೊಂಬೆಯನ್ನು ಎಳೆದು ಪಕ್ಕಕ್ಕೆ ಸಿಕ್ಕಿಸಿ, ‘ನೋಡಿ ಬೇಗ’ ಎಂದೆ. ಕೆಂಪು ಚುಕ್ಕೆಗಳಿದ್ದ ಎರಡು ಮೊಟ್ಟೆ. ಮಕ್ಕಳ ಕಣ್ಣರಳಿತು. ತಾಯಿಹಕ್ಕಿ ಎದುರಿನ ಗಿಡದಲ್ಲಿ ಕುಳಿತು ಒಂದೇ ಸಮನೆ ಕೂಗುತ್ತಿತ್ತು. ‘ಹಾಡ್ತಿದೆ’ ಎಂದು ಬೇರೆ ಹೇಳಿದೆ! ಅಷ್ಟರಲ್ಲಿ ಗುಂಪು ಮುಂದೆ ಹೋಗಿತ್ತು. ಸಿಕ್ಕಿಸಿದ ಕೊಂಬೆಯನ್ನು ಬಿಡಿಸುವುದು ಮರೆತೇಹೋಯಿತು.

ಮರುವಾರ ಗೂಡು ಒಂದು ಪಕ್ಕಕ್ಕೆ ವಾಲಿತ್ತು. ಮೊಟ್ಟೆ ಇರಲಿಲ್ಲ. ಪೊದೆಯ ಬುಡದಲ್ಲಿ ಕೆಂಬೂತವೊಂದು ಗಂಭೀರವಾಗಿ ಓಡಾಡುತ್ತಿತ್ತು.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. ‘ನಿಮ್ಮ ಕೈಯಿಂದಲೇ ಆಯ್ತು ಅಂತ ಹೇಳೋಕಾಗಲ್ಲ ಸ್ವಾಮಿ. ಪಿಕಳಾರದ ಎಷ್ಟೋ ಗೂಡು ಹೀಗೇ ಹೋಗುತ್ತೆ. ಕೆಂಬೂತಕ್ಕೂ ಹೊಟ್ಟೆ ಇದೆ’ ಎಂದರು. ಒಂದು ಕ್ಷಣ ನನಗೆ ಹಗುರವಾಯಿತು. ಅವರು ಮುಂದುವರಿಸಿದರು: ‘ಆದರೆ ನಿಮ್ಮಿಂದ ಆಗಲಿಲ್ಲ ಅಂತಲೂ ಹೇಳೋಕಾಗಲ್ಲ. ಆ ಎಲೆ ಅಲ್ಲಿ ಇದ್ದದ್ದು ಸುಮ್ಮನೆ ಅಲ್ಲ.’

ಗೂಡಿನ ಮರೆ ತೆಗೆದರೆ ಬಿಸಿಲೂ ಬೀಳುತ್ತದೆ, ಶತ್ರುವಿನ ಕಣ್ಣೂ ಬೀಳುತ್ತದೆ. ಮನುಷ್ಯ ಹತ್ತಿರ ನಿಂತಷ್ಟು ಹೊತ್ತು ತಾಯಿ ಕಾವು ಕೂರುವುದಿಲ್ಲ. ಅದರ ಕೂಗು ಹಾಡಲ್ಲ, ಎಚ್ಚರಿಕೆ. ಆ ಕೂಗು ಕಾಗೆಗೂ ಕೆಂಬೂತಕ್ಕೂ ಕೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೂ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ಹಾನಿ ಮಾಡುವುದನ್ನೂ ಅವನ್ನು ಕದಲಿಸುವುದನ್ನೂ ‘ಬೇಟೆ’ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಬೇಟೆಗಾರ ಎಂದರೆ ಬಂದೂಕು ಹಿಡಿದವನು ಎಂದುಕೊಂಡಿದ್ದೆ. ಬೆರಳಿನ ತುದಿ ಸಾಕು.

ಅಂದು ರಾತ್ರಿ ಮಗಳ ನೋಟ್‌ಬುಕ್ ಮೇಜಿನ ಮೇಲೆ ತೆರೆದಿತ್ತು. ತಾರೀಖು, ಹೊತ್ತು, ಜಾಗ ಎಲ್ಲ ಬರೆದ ಮೇಲೆ ಹೀಗಿತ್ತು: ‘ಕೆಮ್ಮೀಸೆ ಪಿಕಳಾರ. ಗೂಡು ಖಾಲಿ. ಹೋದ ವಾರ ಎರಡು ಮೊಟ್ಟೆ ಇತ್ತು. ಹೋದ ವಾರ ಅಪ್ಪ ಕೊಂಬೆ ಸರಿಸಿದರು. ಕೆಂಬೂತ ಹತ್ತಿರದಲ್ಲಿತ್ತು. ಯಾರು ತಿಂದದ್ದು, ನೋಡಿಲ್ಲ.’

ಒಂದು ಪದವೂ ಹೆಚ್ಚಿಲ್ಲ, ಒಂದು ಪದವೂ ಕಡಿಮೆಯಿಲ್ಲ. ಅಪ್ಪನನ್ನು ಉಳಿಸಲು ಆ ಸಾಲನ್ನು ಅವಳು ಬಿಡಬಹುದಿತ್ತು. ಸಿಟ್ಟಿನಲ್ಲಿ ‘ಅಪ್ಪನಿಂದಲೇ ಗೂಡು ಹಾಳಾಯಿತು’ ಎಂದೂ ಬರೆಯಬಹುದಿತ್ತು. ಎರಡನ್ನೂ ಮಾಡಿರಲಿಲ್ಲ. ಅವಳು ಈ ತರಗತಿಯಲ್ಲಿ ಏನು ಕಲಿಯುತ್ತಿದ್ದಾಳೆಂದು ನನಗೆ ಆಗ ಅರ್ಥವಾಯಿತು.

ಎಣಿಸುವವರ ಬಳಗ

ಇಷ್ಟೆಲ್ಲ ನೋಡಿ ಬರೆದು ಪ್ರಯೋಜನವೇನು? ಜನವರಿಯಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ಏಷ್ಯಾದ ಅನೇಕ ದೇಶಗಳಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಎಣಿಸುವವರಲ್ಲಿ ಬಹುಪಾಲು ಸ್ವಯಂಸೇವಕರೇ. ಅದರ ಅಭ್ಯಾಸಕ್ಕೆಂದು ನಾವು ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಹೋದೆವು. ಅಲ್ಲಿ ಚಳಿಗಾಲದ ಅತಿಥಿಗಳು ಪಟ್ಟೆತಲೆಯ ಹೆಬ್ಬಾತುಗಳು. ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಆ ಪಟ್ಟಿಯ ಅಕ್ಷರ, ಅಂಕಿಗಳನ್ನು ದುರ್ಬೀನಿನಲ್ಲಿ ಓದಿ ಬರೆದುಕೊಳ್ಳುವವರು ಇಲ್ಲದಿದ್ದರೆ ಅವು ಎಲ್ಲಿಂದ ಬಂದವೆಂದು ತಿಳಿಯುವುದು ಹೇಗೆ?

ಸಾವಿರ ಹಕ್ಕಿಗಳನ್ನು ಎಣಿಸುವುದಕ್ಕೂ ಉಪಾಯವಿದೆ. ಮೊದಲು ಹತ್ತನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ಕಣ್ಣಿನಲ್ಲಿ ಅಳೆಯಬೇಕು. ಅದೇ ಅಳತೆಯಲ್ಲಿ ಹಿಂಡನ್ನು ಭಾಗ ಮಾಡುತ್ತ ಹೋಗಬೇಕು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಲೆಕ್ಕ ಹೋಲಿಸಬೇಕು. ನನ್ನ ಲೆಕ್ಕವೂ ಮಗಳ ಲೆಕ್ಕವೂ ಮೊದಲ ಸಲ ತಾಳೆಯಾಗಲಿಲ್ಲ. ಮತ್ತೆ ಎಣಿಸಿದೆವು.

ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ಇಡೀ ನಗರವನ್ನು ಚೌಕಗಳಾಗಿ ವಿಂಗಡಿಸಿಕೊಂಡು ‘ಮೈಸೂರು ನಗರ ಪಕ್ಷಿ ಭೂಪಟ’ ತಯಾರಿಸಿದರು. ದೇಶದಲ್ಲೇ ಇಂತಹ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಯಾವ ಬಡಾವಣೆಯಲ್ಲಿ ಯಾವ ಹಕ್ಕಿ ಇದೆ ಎಂಬ ದಾಖಲೆ ಇದ್ದರೆ ತಾನೇ ನಾಳೆ ಯಾವುದು ಕಾಣೆಯಾಯಿತೆಂದು ಹೇಳಲು ಸಾಧ್ಯ? ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಹದಿನೈದು ನಿಮಿಷ ಬಿಡುವಿದ್ದರೆ ಯಾವ ಶಾಲೆಯ ಅಂಗಳದಿಂದಲೂ ಇದರಲ್ಲಿ ಸೇರಬಹುದು.

ಕೊಕ್ಕರೆ ಬೆಳ್ಳೂರಿನ ಹುಡುಗರು

ಸ್ವಯಂಸೇವಕರು ಏನು ಮಾಡಬಲ್ಲರು ಎಂದು ತಿಳಿಯಲು ಮೇಷ್ಟ್ರು ನಮ್ಮನ್ನು ಎಂಟನೇ ಭಾನುವಾರ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ದರು. ಊರ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಕೆಳಗೆ ಎತ್ತಿನ ಗಾಡಿ, ಹುಲ್ಲಿನ ಮೆದೆ, ಕೋಳಿ, ಕುರಿ. ಮೇಲೆ ಹೆಜ್ಜಾರ್ಲೆ ಸಂಸಾರ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದೇ ಊರಿನವರು ಈ ಹಕ್ಕಿಗಳನ್ನು ಕಾಣುತ್ತಾರೆ. ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳರು 1970ರ ದಶಕದಲ್ಲಿ ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ಬರೆದ ಮೇಲೆ ಹೊರಜಗತ್ತಿಗೆ ಈ ಊರಿನ ಪರಿಚಯವಾಯಿತು.

ಪ್ರೀತಿ ಇತ್ತು ನಿಜ, ಆದರೆ ತೊಂದರೆಯೂ ಇತ್ತು. ಗೂಡಿರುವ ಮರದ ಹುಣಸೆಹಣ್ಣು ಕೀಳುವಂತಿಲ್ಲ. ಅದಕ್ಕಾಗಿ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರಧನ ಕೊಡುವ ಏರ್ಪಾಡು ಮಾಡಿತು. ಗೂಡಿನಿಂದ ಕೆಳಗೆ ಬಿದ್ದ ಮರಿಗಳಿಗೆ ಮಾತ್ರ ದಿಕ್ಕಿರಲಿಲ್ಲ. ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ, ನಾಯಿಗಳು ಕಾದಿರುತ್ತವೆ. 1994ರಲ್ಲಿ ಮೈಸೂರಿನ ‘ಮೈಸೂರ್ ಅಮೆಚೂರ್ ನ್ಯಾಚುರಲಿಸ್ಟ್ಸ್’ ಸಂಸ್ಥೆಯ ಕೆ. ಮನು ಮತ್ತು ಗೆಳೆಯರು ಇಲ್ಲಿ ಕೆಲಸ ಆರಂಭಿಸಿದರು. ಊರಿನ ಹುಡುಗರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಬಿದ್ದ ಮರಿಗಳನ್ನು ಬೇಲಿಯೊಳಗೆ ಸಾಕಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಟ್ಟರು. 2007ರಲ್ಲಿ ಈ ಪ್ರದೇಶ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಈ ಹುಡುಗರಿಗೆ ಡಿಗ್ರಿ ಇರಲಿಲ್ಲ, ದುಬಾರಿ ಕ್ಯಾಮೆರಾ ಇರಲಿಲ್ಲ. ಯಾವ ಮರದಲ್ಲಿ ಎಷ್ಟು ಗೂಡಿದೆ ಎಂಬುದು ಮಾತ್ರ ಬಾಯಿಪಾಠವಾಗಿತ್ತು.

ಮರಳುವ ದಾರಿಯಲ್ಲಿ ಒಬ್ಬ ಹುಡುಗ ಕೇಳಿದ: ‘ಅವರು ಮರಿ ಎತ್ತಿದ್ದು ಸರಿ, ಅಂಕಲ್ ಕೊಂಬೆ ಸರಿಸಿದ್ದು ತಪ್ಪು, ಯಾಕೆ ಸಾರ್? ಎರಡೂ ಮುಟ್ಟಿದ್ದೇ ಅಲ್ವಾ?’ ಬಸ್ಸಿನಲ್ಲಿ ಅರ್ಧ ಗಂಟೆ ಇದೇ ಚರ್ಚೆ. ಕೊನೆಗೆ ಮಕ್ಕಳೇ ತೀರ್ಮಾನಕ್ಕೆ ಬಂದರು: ಒಂದು ಹಕ್ಕಿಗಾಗಿ ಮುಟ್ಟಿದ್ದು, ಅದೂ ಬಲ್ಲವರ ಜೊತೆಗೂಡಿ; ಇನ್ನೊಂದು ನಮ್ಮ ಕಣ್ಣಿಗಾಗಿ. ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ ನಾನು ಅದನ್ನು ಒಪ್ಪಿಕೊಂಡೆ.

ಅಂಕ ಬರುತ್ತದೆಯೇ?

ಈಗ ಹೆಂಡತಿಯ ಮೊದಲ ಪ್ರಶ್ನೆಗೆ ಬರೋಣ. ಈ ತರಗತಿಯಿಂದ ಮಗಳ ಅಂಕ ಏರಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಇಳಿಯಲೂ ಇಲ್ಲ. ವಾರಕ್ಕೆ ಮೂರು ಗಂಟೆ ಹೋಯಿತು; ಅದು ಟಿ.ವಿ., ಮೊಬೈಲುಗಳ ಪಾಲಿನಿಂದ ಹೋದದ್ದು. ಬದಲಾದದ್ದು ಬೇರೆ: ಪ್ರಶ್ನೆ ಕೇಳುವ ರೀತಿ. ಮೊದಲು ‘ಇದು ಪರೀಕ್ಷೆಗೆ ಬರುತ್ತಾ?’ ಎನ್ನುತ್ತಿದ್ದವಳು ಈಗ ‘ಇದು ಯಾರಿಗೆ ಹೇಗೆ ಗೊತ್ತಾಯಿತು?’ ಎನ್ನುತ್ತಾಳೆ.

ಉದ್ಯೋಗವಾದೀತೇ? ಆಸೆ ಹುಟ್ಟಿಸುವುದು ಬೇಡ. ದಾರಿಗಳು ಇವೆ, ಆದರೆ ಅಗಲವಾಗಿಲ್ಲ. ಕೊಡಗಿನ ಪೊನ್ನಂಪೇಟೆ ಮತ್ತು ಉತ್ತರ ಕನ್ನಡದ ಶಿರಸಿಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ಪಿಯುಸಿ ವಿಜ್ಞಾನದ ನಂತರ ಅರಣ್ಯಶಾಸ್ತ್ರದ ಪದವಿ ಓದಬಹುದು. ಸಿಇಟಿ ಮೂಲಕ ಪ್ರವೇಶ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳಲ್ಲಿ ಉನ್ನತ ವ್ಯಾಸಂಗಕ್ಕೆ ಅವಕಾಶವಿದೆ. ಪೈಪೋಟಿಯೂ ಅಷ್ಟೇ ಇದೆ. ಕಾಡಂಚಿನ ವಸತಿಧಾಮಗಳಲ್ಲಿ ಪ್ರವಾಸಿಗರಿಗೆ ವಿವರಿಸುವ ಪ್ರಕೃತಿ ಮಾರ್ಗದರ್ಶಕರ ಕೆಲಸವಿದೆ. ಆದರೆ ಹೆಚ್ಚಿನವರು ಬ್ಯಾಂಕಿನಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ದುಡಿಯುತ್ತ ಭಾನುವಾರ ಮಾತ್ರ ನ್ಯಾಚುರಲಿಸ್ಟ್ ಆಗುವವರು. ನಮ್ಮ ಮೇಷ್ಟ್ರು ಹಾಗೆಯೇ ಇದ್ದವರು. ಕೆರೆಗಳು ಉಳಿದಿರುವುದರಲ್ಲಿ ಅಂಥವರ ಪಾಲು ಸಣ್ಣದಲ್ಲ.

ಹತ್ತನೇ ಭಾನುವಾರ

ಕೊನೆಯ ದಿನ ಸರ್ಕಾರಿ ಶಾಲೆಯೊಂದರ ಐದನೇ ತರಗತಿಯ ಮಕ್ಕಳು ಬಂದಿದ್ದರು. ಹತ್ತು ಮಕ್ಕಳಿಗೆ ಇಬ್ಬರು ಸ್ವಯಂಸೇವಕರು. ನನಗೂ ಮಗಳಿಗೂ ಒಂದೇ ಗುಂಪು. ಅವಳು ಮುಂದೆ, ನಾನು ಹಿಂದೆ. ಎಷ್ಟು ಸಿದ್ಧವಾಗಿ ಹೋಗಿದ್ದರೂ ನೀರುಕಾಗೆ ಅಂದು ರೆಕ್ಕೆ ಹರಡಲೇ ಇಲ್ಲ, ಮಿಂಚುಳ್ಳಿ ಬೆನ್ನು ತಿರುಗಿಸಿ ಕುಳಿತಿತ್ತು. ಮಕ್ಕಳಿಗೆ ಹಿಡಿಸಿದ್ದು ದಾರಿಯಲ್ಲಿ ಸಗಣಿಯುಂಡೆ ಉರುಳಿಸುತ್ತಿದ್ದ ಜೀರುಂಡೆ. ಕಾಲು ಗಂಟೆ ಅದರ ಸುತ್ತಲೇ ಕುಕ್ಕರುಗಾಲಿನಲ್ಲಿ ಕುಳಿತೆವು. ‘ಇದು ಎಲ್ಲಿಗೆ ಹೋಗುತ್ತೆ ಅಕ್ಕಾ?’ ಎಂದೊಬ್ಬಳು ಕೇಳಿದಳು. ಮಗಳು, ‘ನಂಗೂ ಗೊತ್ತಿಲ್ಲ, ನೋಡೋಣ ಬಾ’ ಎಂದಳು.

ಲಂಟಾನ ಪೊದೆಯ ಬಳಿ ಬಂದಾಗ ಮಗಳು ನನ್ನ ಕಡೆ ತಿರುಗಿದಳು. ಏನೂ ಹೇಳಲಿಲ್ಲ. ನಾನೇ ಮುಂದೆ ಬಂದು ಮಕ್ಕಳನ್ನು ನಾಲ್ಕು ಮಾರು ದೂರದಲ್ಲಿ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಒಬ್ಬ ಪೋರ ಸೀದಾ ಕೇಳಿದ: ‘ದೊಡ್ಡೋರಾಗಿ ಹಂಗ್ಯಾಕೆ ಮಾಡಿದ್ರಿ?’ ‘ನನಗೆ ಗೊತ್ತಿದೆ ಅಂತ ತೋರಿಸಿಕೊಳ್ಳೋಕೆ ಕಣಪ್ಪ’ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದ.

ಪೊದೆಯ ಆಚೆ ಬದಿಯಿಂದ ಪಿಕಳಾರವೊಂದು ನಾರು ಕಚ್ಚಿಕೊಂಡು ಹಾರಿಬಂತು. ಅದೇ ಜೋಡಿಯೋ ಬೇರೆಯದೋ, ಹೇಳಲಾರೆ. ಎಲೆಗಳ ಮರೆಯಲ್ಲಿ ಎಲ್ಲಿ ಇಳಿಯಿತೆಂದು ನೋಡಲು ಮಕ್ಕಳು ಕತ್ತು ಚಾಚಿದರು. ಯಾರೂ ಹೆಜ್ಜೆ ಮುಂದಿಡಲಿಲ್ಲ.

ನೀವೂ ಶುರು ಮಾಡಬಹುದು

* ನಿಮ್ಮೂರಿನ ಕೆರೆ, ತೋಪು, ಶಾಲೆಯ ಅಂಗಳ ಯಾವುದಾದರೂ ಸಾಕು. ಒಂದೇ ಜಾಗಕ್ಕೆ ವರ್ಷವಿಡೀ ಹೋಗುವುದು ಹತ್ತು ಜಾಗಕ್ಕೆ ಒಮ್ಮೊಮ್ಮೆ ಹೋಗುವುದಕ್ಕಿಂತ ಮೇಲು.

* ಬೇಕಾದದ್ದು ಗೆರೆಯಿಲ್ಲದ ನೋಟ್‌ಬುಕ್, ಪೆನ್ಸಿಲ್, ಟೋಪಿ, ನೀರು. ಬಟ್ಟೆ ಮಾಸಲು ಬಣ್ಣದ್ದಿರಲಿ. ದುರ್ಬೀನು ಕೊಳ್ಳುವುದಾದರೆ ಎಂಟು ಪಟ್ಟು ಹಿಗ್ಗಿಸುವ, 8x40 ಎಂದು ಬರೆದಿರುವಂಥದ್ದು ಹೊಸಬರಿಗೆ ಹಿತ. ಮೊದಲ ಮೂರು ತಿಂಗಳು ಅದಿಲ್ಲದೆಯೂ ನಡೆಯುತ್ತದೆ.

* ಪ್ರತಿ ಸಲವೂ ತಾರೀಖು, ಹೊತ್ತು, ಜಾಗ, ಹವೆ ಬರೆಯಿರಿ. ಕಂಡದ್ದು, ಊಹಿಸಿದ್ದು ಬೇರೆ ಬೇರೆಯಾಗಿರಲಿ. ನೀವು ಮಾಡಿದ್ದೂ ದಾಖಲಾಗಲಿ.

* ಗೂಡು ಕಂಡರೆ ಹತ್ತಿರ ಹೋಗಬೇಡಿ, ಫೋಟೋ ಬೇಡ, ಜಾಗವನ್ನು ಎಲ್ಲರಿಗೂ ಸಾರಬೇಡಿ.

* ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿ ಹಕ್ಕಿವೀಕ್ಷಕರ ಬಳಗಗಳಿವೆ. ಹೊಸಬರನ್ನು ಅವರು ಸಂತೋಷದಿಂದ ಸೇರಿಸಿಕೊಳ್ಳುತ್ತಾರೆ. ಬಳಗವಿಲ್ಲದ ಊರಿನಲ್ಲಿ ಇಬ್ಬರು ಗೆಳೆಯರು, ಒಬ್ಬ ವಿಜ್ಞಾನದ ಮೇಷ್ಟ್ರು ಸೇರಿದರೆ ಅದೇ ಬಳಗ.